ಕಾಂಪೌಂಡರನ ಅರ್ಧ ದಿನದ ರಜೆ

ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕೊಲೆ ಮೇಷ್ಟ್ರು ಎಂದೇ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದಕ್ಕೆ ಮೇಷ್ಟ್ರು. ಅದನ್ನು ಬಿಟ್ಟು ಒಂಬತ್ತು ವರ್ಷದಿಂದ ಟಿವಿಯ ಅಪರಾಧ ಧಾರಾವಾಹಿಗೆ ವಾರಕ್ಕೊಂದು ಹೆಣ ಬೀಳಿಸುತ್ತಿದ್ದುದಕ್ಕೆ ಕೊಲೆ. ತರಕಾರಿ ಅಂಗಡಿಯಾಕೆ ಕೂಡ ತಕ್ಕಡಿ ಹಿಡಿದುಕೊಂಡೇ, "ಈ ವಾರ ಯಾರ ಸರದಿ ಸಾರ್?" ಎಂದು ಕೇಳುತ್ತಿದ್ದಳು. ಅದಕ್ಕೆಲ್ಲ ಮೇಷ್ಟ್ರು ಬೇಸರ ಮಾಡಿಕೊಂಡವರಲ್ಲ.

ಅವರ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ. ಒಂಬತ್ತು ವರ್ಷವೂ ನಿರ್ಮಾಪಕರು ಅವರ ಕೈಯಲ್ಲಿ ಬರೆಸಿದ್ದು ಒಬ್ಬನೇ ಕೊಲೆಗಾರನನ್ನು. ಕೆನ್ನೆಯ ಮೇಲೆ ಗಾಯದ ಗುರುತು, ಹಲ್ಲಿನ ಸಂದಿಯಲ್ಲೊಂದು ಕಡ್ಡಿ, ಕಾರಣವಿಲ್ಲದ ಜೋರು ನಗು. ಅವನು ತೆರೆಯ ಮೇಲೆ ಕಾಲಿಟ್ಟ ಕೂಡಲೇ ತೊಟ್ಟಿಲ ಕೂಸಿಗೂ ಗೊತ್ತಾಗುತ್ತಿತ್ತು ಇವನೇ ಎಂದು. ಗೊತ್ತಾಗದೆ ಒದ್ದಾಡುತ್ತಿದ್ದವನು ಧಾರಾವಾಹಿಯ ಇನ್ಸ್‌ಪೆಕ್ಟರ್ ಒಬ್ಬನೇ. "ಕೊಲೆ ಮಾಡೋರೂ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾರೆ ಸಾರ್" ಎಂದು ಮೇಷ್ಟ್ರು ಎಷ್ಟು ಬಡಕೊಂಡರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಕೊನೆಗೂ ಈ ವರ್ಷ ಹನ್ನೆರಡು ಕಂತಿನ ಒಂದು ಕಥೆಯನ್ನು ಅವರ ಇಷ್ಟಕ್ಕೆ ಬಿಟ್ಟರು. ಮೇಷ್ಟ್ರು ತಮ್ಮ ಪದ್ಧತಿಯಂತೆಯೇ ಶುರು ಮಾಡಿದರು. ಯಾವ ಪಾತ್ರವೇ ಆಗಲಿ, ಮೊದಲು ಅದರ ಕೈಯಲ್ಲಿ ಒಂದು ರಜೆ ಚೀಟಿ ಬರೆಸುವುದು ಅವರ ಪದ್ಧತಿ. ಶಾಲೆಯಲ್ಲಿ ರಾಶಿ ರಾಶಿ ರಜೆ ಚೀಟಿ ಓದಿದವರು ಅವರು. ನಿಜ ಹೇಳುವಾಗ ಮನುಷ್ಯರೆಲ್ಲ ಒಂದೇ ಥರ, ರಜೆಗೆ ಸುಳ್ಳು ಹೇಳುವಾಗಲೇ ಒಬ್ಬೊಬ್ಬನೂ ತಾನು ತಾನಾಗುವುದು ಎಂಬುದು ಅವರ ಗಟ್ಟಿ ನಂಬಿಕೆ. ಇದ್ದೊಬ್ಬ ಅಜ್ಜಿಯನ್ನು ವರ್ಷಕ್ಕೆರಡು ಬಾರಿ ಸಾಯಿಸುವವನು ಒಂದು ಥರದವನು, ಹೊಟ್ಟೆನೋವು ಎಂದು ಬರೆದು ಕೆಳಗೆ 'ದಯವಿಟ್ಟು ನಂಬಿ' ಎಂದು ಸೇರಿಸುವವನು ಇನ್ನೊಂದು ಥರದವನು.

ಈ ಕಥೆಯ ಕೊಲೆಗಾರ ಒಬ್ಬ ಕಾಂಪೌಂಡರ್. ಇಪ್ಪತ್ತು ವರ್ಷ ಒಂದೇ ಕ್ಲಿನಿಕ್ಕಿನಲ್ಲಿ ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿದವನು. ಡಾಕ್ಟರು ಇಪ್ಪತ್ತು ವರ್ಷವೂ ಅವನನ್ನು ಕರೆದದ್ದು 'ಏಯ್' ಎಂದು. ಅವನಿಂದ ಮೇಷ್ಟ್ರು ಬರೆಸಿದ ಚೀಟಿ ಹೀಗಿತ್ತು: 'ತಾಯಿಯ ಕಣ್ಣು ತೋರಿಸಬೇಕಾಗಿರುವುದರಿಂದ ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಕೊಡಬೇಕಾಗಿ ಕೋರಿಕೆ.' ಡಾಕ್ಟರು ಸಹಿ ಹಾಕಿದರು. ರಜೆ ಕೊಟ್ಟವರನ್ನೇ ಕಾಂಪೌಂಡರ್ ಆ ರಜೆಯಲ್ಲಿ ಕೊಂದ. ತಾಯಿಯನ್ನು ಅವನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಇಲ್ಲ ಎಂಬುದು ಕೊನೆಯ ಕಂತಿನವರೆಗೆ ಮುಚ್ಚಿಟ್ಟ ಗುಟ್ಟು.

ಕೆಟ್ಟದ್ದು ಅಲ್ಲೇ. ಕಾಂಪೌಂಡರನ ಪಾತ್ರ ಸಿಕ್ಕಿದ್ದು ಜೀವಮಾನವಿಡೀ ಅಂಚೆಯವನ ಪಾತ್ರ, ಹೆಣದ ಪಾತ್ರ ಮಾಡಿಕೊಂಡಿದ್ದ ಒಬ್ಬ ವಯಸ್ಸಾದ ನಟನಿಗೆ. ಅವನು ಎಂಟನೆಯ ಕಂತಿನಲ್ಲಿ ಆ ಚೀಟಿಯನ್ನು ಇನ್ಸ್‌ಪೆಕ್ಟರ್ ಮುಂದೆ ಎಷ್ಟು ಚೆನ್ನಾಗಿ ಓದಿದನೆಂದರೆ, ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಟಿವಿ ಕಚೇರಿಗೆ ಪತ್ರಗಳು ಸುರಿದವು. ತಾಯಿಯನ್ನು ಅಷ್ಟು ಪ್ರೀತಿಸುವವನು ಕೊಲೆ ಮಾಡಿರಲಾರನಂತೆ.

ಸರಿ, ಕೊನೆಯ ಕಂತು ಬರೆಯಬೇಕಾದ ದಿನ ಬೆಳಿಗ್ಗೆ ಒಂಬತ್ತಕ್ಕೇ ನಿರ್ಮಾಪಕರ ಫೋನು.

"ಮೇಷ್ಟ್ರೇ, ಕೊಲೆ ಮಾಡಿದ್ದು ಡಾಕ್ಟರ ಬಾಮೈದ ಅಂತ ಮಾಡಿಬಿಡಿ. ಅವನಿಗೆ ಬೈಕ್ ಇದೆ, ಗಡ್ಡ ಇದೆ."

"ಬಾಮೈದ ಹನ್ನೊಂದು ಕಂತಲ್ಲಿ ಬಂದಿರೋದೇ ಎರಡು ಸಲ ಸಾರ್. ಎರಡು ಸಲವೂ ಬಂದು ಟೀ ಕುಡಿದು ಹೋಗಿದ್ದಾನೆ."

"ಅದೇ ಅನುಮಾನ ಅಲ್ವಾ? ಕೊನೆ ದೃಶ್ಯ ನಾಲ್ಕು ಗಂಟೆಗೆ ಬೇಕು. ಆಗಲ್ಲ ಅಂದ್ರೆ ಹೇಳಿ, ನಿರ್ದೇಶಕರ ತಮ್ಮ ಬರೀತಾನೆ."

ಮೇಷ್ಟ್ರು ಫೋನಿಟ್ಟು ತಲೆ ಚಚ್ಚಿಕೊಂಡರು. ಒಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನು ಬರೆದಿದ್ದಾರೆ. ಅವನು ಮನುಷ್ಯನಂತೆ ಕಂಡದ್ದೇ ಅವನ ಕುತ್ತಿಗೆಗೆ ಬಂದಿದೆ. ಬಾಮೈದನನ್ನು ಕೊಲೆಗಾರ ಮಾಡಿದರೆ ಕಾಂಪೌಂಡರ್ ಬರೀ ಒಬ್ಬ ಪಾಪದವನಾಗಿ ಉಳಿಯುತ್ತಾನೆ, ಹನ್ನೊಂದು ಕಂತು ನೀರುಪಾಲಾದಂತೆ.

ಮನೆಯಲ್ಲಾದರೂ ಒಬ್ಬರು ತಮ್ಮ ಪರ ಇದ್ದಾರೆಯೇ ಎಂದರೆ ಅದೂ ಇಲ್ಲ. ಅಕ್ಕ ನಿರ್ಮಾಪಕರ ಪಕ್ಷ. ಅಕ್ಕ ಅವರಿಗಿಂತ ಎಂಟು ವರ್ಷ ದೊಡ್ಡವಳು, ಮದುವೆ ಬೇಡವೆಂದು ಉಳಿದು ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು. ಕಾಂಪೌಂಡರ್ ಮೇಲೆ ಇನ್ಸ್‌ಪೆಕ್ಟರ್ ಅನುಮಾನಪಟ್ಟ ದಿನದಿಂದ ತಮ್ಮನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಹೆಂಡತಿ ಕೆಲಸಕ್ಕೆ ಹೊರಡುವಾಗ, "ನಾನು ಬರೋದರೊಳಗೆ ಅಕ್ಕ ತಮ್ಮ ಸೇರಿ ಆ ಡಾಕ್ಟರನ್ನ ಯಾರು ಕೊಂದ್ರು ಅಂತ ತೀರ್ಮಾನ ಮಾಡಿಕೊಳ್ಳಿ" ಎಂದು ಚಪ್ಪಲಿ ಮೆಟ್ಟಿದ್ದಳು.

ಮಧ್ಯಾಹ್ನ ಎರಡಾದರೂ ಒಂದು ಸಾಲು ಹುಟ್ಟಲಿಲ್ಲ. ಮೇಷ್ಟ್ರು ಅಡುಗೆಮನೆಗೆ ಬಂದರು. ಅಕ್ಕ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಅವನು ಮಾಡಿಲ್ಲ ಕಣೋ" ಎಂದಳು, ತಲೆ ಎತ್ತದೆ.

"ಅಕ್ಕಾ, ಅವನನ್ನ ಹುಟ್ಟಿಸಿದ್ದೇ ನಾನು. ಅವನು ಏನು ಮಾಡಿದ ಅಂತ ನನಗೆ ಗೊತ್ತಿಲ್ವಾ?"

"ಹುಟ್ಟಿಸಿದೋರಿಗೆಲ್ಲ ಅದು ಗೊತ್ತಿದ್ದಿದ್ರೆ ಪೊಲೀಸರು ಯಾಕೆ ಬೇಕಿತ್ತು?"

ಮೇಷ್ಟ್ರ ತಾಳ್ಮೆ ಅಲ್ಲಿಗೆ ಮುಗಿಯಿತು. "ಹಾಗಾದ್ರೆ ಕೇಳು. ಆ ಚೀಟಿ ಸುಳ್ಳು. ಅವನು ತಾಯೀನ ಕಣ್ಣು ತೋರಿಸೋಕೆ ಕರ್ಕೊಂಡೇ ಹೋಗಲಿಲ್ಲ. ಸಾಕಾ?"

ಅಕ್ಕನ ಬೆರಳು ನಿಂತಿತು.

"ಹೋಗಲಿಲ್ಲ ಅಂತ ನನಗೆ ಗೊತ್ತು. ಟಿವೀಲಿ ಓದಿದಾಗಲೇ ಗೊತ್ತಾಯ್ತು. ನೀನೂ ಅದನ್ನೇ ಬರೆದಿದ್ದೆಯಲ್ಲ, ನಿಮ್ಮ ಹೆಡ್‌ಮೇಷ್ಟ್ರಿಗೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಮೇಷ್ಟ್ರ ಕೈ ತಾನಾಗಿ ಜೇಬಿಗೆ ಹೋಯಿತು, ಆ ಚೀಟಿ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. ಹತ್ತು ವರ್ಷದ ಹಿಂದೆ, ಶಾಲೆಯಲ್ಲಿದ್ದಾಗಲೇ, ತಾಯಿಯ ಕಣ್ಣು ತೋರಿಸಬೇಕು ಎಂದು ಅರ್ಧ ದಿನ ರಜೆ ಬರೆದುಕೊಟ್ಟು, ಚೀಲದಲ್ಲಿ ತಮ್ಮ ಕಥೆಗಳನ್ನು ತುಂಬಿಕೊಂಡು ಟಿವಿ ಕಚೇರಿಯ ಬೆಂಚಿನ ಮೇಲೆ ಕಾದು ಕೂತಿದ್ದರು. ಅಮ್ಮನಿಗೆ ನಾಳೆ ಹೋಗೋಣ ಎಂದಿದ್ದರು. ಕೊನೆಗೆ ಅಕ್ಕನೇ ಕರೆದುಕೊಂಡು ಹೋದಾಗ ಕಣ್ಣಿನ ಡಾಕ್ಟರು, ಆರು ತಿಂಗಳು ಮೊದಲು ಬರಬೇಕಿತ್ತು ಎಂದರು. ಅಮ್ಮ ಬದುಕಿದ ಇನ್ನು ನಾಲ್ಕು ವರ್ಷ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು.

"ನಿನಗೆ ಹೇಗೆ..."

"ನಿಮ್ಮ ಹೆಡ್‌ಮೇಷ್ಟ್ರು ದಾರೀಲಿ ಸಿಕ್ಕಿ, ಅಮ್ಮನ ಕಣ್ಣು ಹೇಗಿದೆ ಅಂತ ಕೇಳಿದ್ರು. ನೀನು ರಜೆ ಬರೆದ ದಿನ ಅಮ್ಮ ಒಳ್ಳೆ ಸೀರೆ ಉಟ್ಕೊಂಡು ಬಾಗಿಲಲ್ಲಿ ಕೂತಿದ್ದಳು." ಅಕ್ಕ ಮತ್ತೊಂದು ಕಾಯಿ ಬಿಡಿಸಿದಳು. "ನಿನಗೆ ಮರೆತುಹೋಗಿರಬೇಕು ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೀನಿ. ಈಗ ಆ ಕಾಂಪೌಂಡರನೇ ಮಾಡಿದ ಅಂತ ಆದ್ರೆ, ಒಳ್ಳೆಯವರೂ ಗೊತ್ತಿದ್ದೇ ಮಾಡ್ತಾರೆ ಅಂತ ಆಯ್ತಲ್ಲ. ಆಮೇಲೆ ನಿನ್ನನ್ನ ನಾನು ಏನಂತ ಅಂದ್ಕೊಳ್ಳಲಿ?"

ಮೇಷ್ಟ್ರಿಗೆ ನಾಚಿಕೆಯಾಯಿತು. ಅಂಥ ಚೀಟಿಯನ್ನು ತಾವು ಕೊಟ್ಟದ್ದು ಮೂರು ಸಲ. ಅಕ್ಕನಿಗೆ ಗೊತ್ತಿರುವುದು ಒಂದೇ ಎಂದು ತಿಳಿದು, ಉಳಿದೆರಡನ್ನು ನುಂಗಿಕೊಂಡು ಮೇಜಿಗೆ ವಾಪಸು ಬಂದರು.

ಮೂರೂವರೆಗೆ ನಿರ್ಮಾಪಕರ ಫೋನು ಬಂತು. "ಬಾಮೈದನನ್ನ ಹಿಡಿದ್ರಾ?"

"ಬಾಮೈದ ಮನೇಲಿ ಟೀ ಕುಡೀತಿದ್ದಾನೆ ಸಾರ್. ಕೊಂದಿದ್ದು ಕಾಂಪೌಂಡರೇ. ಬೇಡ ಅಂದ್ರೆ ನಿರ್ದೇಶಕರ ತಮ್ಮನ ಕೈಲೇ ಬರೆಸಿ, ನನ್ನ ಹೆಸರು ತೆಗೀರಿ."

ಆ ಕಡೆ ಒಂದು ದೊಡ್ಡ ನಿಟ್ಟುಸಿರು. "ನಿಮ್ಮ ಜೊತೆ ಏಗೋಕಾಗಲ್ಲ. ಬರೆದು ಕಳಿಸಿ, ನೋಡೋಣ."

ಆಮೇಲೆ ಬರೆಯುವುದು ಕಷ್ಟವಾಗಲಿಲ್ಲ. ಬರೆದದ್ದನ್ನು ಹಿಡಿದುಕೊಂಡು ಅವರು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಕ್ಕ ಬೇಡವೆನ್ನಲಿಲ್ಲ, ಮೇಷ್ಟ್ರು ಓದಿದರು. ಇನ್ಸ್‌ಪೆಕ್ಟರ್ ಕೇಳುತ್ತಾನೆ: 'ಅವತ್ತು ತಾಯಿಗೆ ಏನು ಹೇಳಿದೆ?' ಕಾಂಪೌಂಡರ್ ಹೇಳುತ್ತಾನೆ: 'ನಾಳೆ ಹೋಗೋಣ ಅಂದೆ ಸಾರ್. ಅವಳು ಒಳ್ಳೆ ಸೀರೆ ಉಟ್ಕೊಂಡು ಬಾಗಿಲಲ್ಲಿ ಕೂತಿದ್ದಳು. ಮರೆತಿರಲಿಲ್ಲ ನಾನು. ಒಂದು ಸಲ ಹಾಗೆ ಮಾಡಿದೆ.'

ಅಕ್ಕ ಬಟಾಣಿಯ ಪಾತ್ರೆಯನ್ನು ಬದಿಗೆ ಸರಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಒಂದು ಸಲ ಅಂತ ಯಾಕೆ ಬರೆದೆ?" ಎಂದಳು. "ಮೂರು ಸಲ ಅಂತ ಹಾಕು."

ಮೇಷ್ಟ್ರು ಪೆನ್ನು ತೆಗೆದು, ಬಾಗಿಲಿಗೆ ಕಾಗದ ಆನಿಸಿಕೊಂಡು, ತಿದ್ದಿದರು.