ನಾಲ್ಕು ಸಲ ಒತ್ತಿದ ಹೆಬ್ಬೆಟ್ಟು

ನಾಲ್ಕು ಸಲ ಯಾಕೆ ಒತ್ತಿಸಿದ? ಕೂಸು ಅಮೂಲ್ಯಳಿಗೆ ಗಂಜಿ ಉಣಿಸುವಾಗಲೂ, ಅವಳ ಬಟ್ಟೆ ಹಿಂಡುವಾಗಲೂ ಶಿವಲೀಲಾಳ ತಲೆಯಲ್ಲಿ ಅದೊಂದೇ ಪ್ರಶ್ನೆ. ಎಂಟು ದಿನದಿಂದ ನೆಟ್ಟಗೆ ನಿದ್ದೆಯಿಲ್ಲ.

ಹೊಳಗುಂದದ ಸಂತೆಯಲ್ಲಿ ಛತ್ರಿಯ ಕೆಳಗೆ ಕೂತು ಸಿಮ್ ಮಾರುವ ಗಾದಿಲಿಂಗ ಅತ್ತೆ ಎರ್ರಮ್ಮನಿಗೆ ಹೊಸ ಸಿಮ್ ಕೊಟ್ಟಿದ್ದ. "ಬೀಳವಲ್ದು ಚಿಗವ್ವ, ಇನ್ನೊಮ್ಮಿ ಒತ್ತು" ಅಂದನಂತೆ. ಆಕೆ ಅವನ ಬೆರಳಚ್ಚಿನ ಮಷೀನಿಗೆ ನಾಲ್ಕು ಸಲ ಒತ್ತಿದ್ದಳು. ಮೂವತ್ತು ವರ್ಷ ಹತ್ತಿ ಬಿಡಿಸಿ ಎರ್ರಮ್ಮನ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ರೇಷನ್ ಮಷೀನಿನ ಮುಂದೆ ಬೆರಳನ್ನು ಸೆರಗಿಗೆ ಒರೆಸಿ, ಎಣ್ಣೆಗೂದಲಿಗೆ ತಿಕ್ಕಿ, ಐದಾರು ಸಲ ಒತ್ತುವುದು ತಿಂಗಳು ತಿಂಗಳೂ ಇದ್ದದ್ದೇ. ಮಷೀನು ಒಲ್ಲೆನೆಂದರೆ ತಪ್ಪು ತನ್ನ ಬೆರಳಿನದೇ ಎಂದು ಆಕೆ ನಂಬಿಬಿಟ್ಟಿದ್ದಳು.

ಬಳ್ಳಾರಿಯಲ್ಲಿ ಓದಿದ ಶಿವಲೀಲಾ ಇವತ್ತು ಕೂಸು ಮಲಗಿದ್ದೇ ಸರ್ಕಾರದ ಜಾಲತಾಣದಲ್ಲಿ ಹುಡುಕಿದಳು. ಅತ್ತೆಯ ಹೆಸರಿನಲ್ಲಿ ಎರಡು ನಂಬರು! ಒಂದು ಆ ಹೊಸ ಸಿಮ್ಮಿನದು. ಇನ್ನೊಂದು ಯಾರ ಕೈಯಲ್ಲಿದೆಯೋ.

"ಅತ್ತೀ, ಆ ನಂಬರಿಂದ ಯಾರಿಗಾದ್ರೂ ಮೋಸ ಮಾಡಿದ್ರ ಪೊಲೀಸ್ರು ನಿಮ್ಮನ್ನ ಹುಡುಕ್ಕೊಂಡು ಬರ್ತಾರ."

"ಬರ್ಲಿ ಬಿಡು, ಚಾ ಕುಡಿಸಿ ಕಳಿಸೂಣು." ಎರ್ರಮ್ಮ ನಕ್ಕಳು. "ಕೂಸು ಸೀನಿದ್ರ ಆದೋನಿ ದವಾಖಾನಿಗೆ ಓಡಾಕಿ ನೀನು. ಗಾದಿಲಿಂಗ ನನ್ನ ತವರಿನಾಂವ, ಅಂಥಾ ಕೆಲಸ ಮಾಡಾಂವಲ್ಲ."

ಶಿವಲೀಲಾಳಿಗೆ ವಾದಿಸುವ ತ್ರಾಣವಿರಲಿಲ್ಲ. ಗೋಡೆಗೆ ಒರಗಿ ಕೇಳಿದಳು: "ನಾಲ್ಕೂ ಸಲ ಬೀಳಲೇ ಇಲ್ಲೇನು?"

"ಎರಡನೇದಕ್ಕ ಹಸಿರು ಲೈಟ್ ಬಂತಲ್ಲ. ಆಮ್ಯಾಲ ಮತ್ತ ಒತ್ತು ಅಂದ..."

ರೇಷನ್ ಅಂಗಡಿಯಲ್ಲಿ ಹಸಿರು ಬಂದ ಮೇಲೆ ಯಾರೂ ಮತ್ತೆ ಒತ್ತು ಎನ್ನುವುದಿಲ್ಲ. ಎರ್ರಮ್ಮ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಫೋನ್ ಮಾಡವಾ. ಆದ್ರ ಅವನ ಹೆಸರು ಹೇಳಬ್ಯಾಡ. ಅವರವ್ವ ನನ್ನ ಜೋಡಿ ಹತ್ತಿ ಬಿಡಿಸ್ಯಾಳ."

ಶಿವಲೀಲಾ ಸಿಮ್ ಕಂಪನಿಯ ನಂಬರು ಒತ್ತಿ ಕಾದಳು. ಕೊನೆಗೊಂದು ದನಿ ಬಂತು.

"ನಮ್ಮ ಅತ್ತೆ ಹೆಸರಲ್ಲಿ ಅವರದಲ್ಲದ ಒಂದು ನಂಬರಿದೆ. ಬಂದ್ ಮಾಡಬೇಕು."

"ಸಿಮ್ ಎಲ್ಲಿ ತಗೊಂಡ್ರಿ? ಮಾರಿದವರ ಹೆಸರು?"

ಸ್ಪೀಕರಿನಲ್ಲಿ ಕೇಳಿದ ಆ ಪ್ರಶ್ನೆಗೆ ಶಿವಲೀಲಾ ಅತ್ತೆಯ ಮುಖ ನೋಡಿದಳು. ಎರ್ರಮ್ಮ ಕೂಸಿನ ಮೇಲಿನ ನೊಣ ಓಡಿಸುತ್ತಾ, ತಲೆ ಎತ್ತದೆ ಅಂದಳು:

"ಹೇಳು. ನನ್ನಂಥಾ ಬೆರಳಿನವರು ಸಂತಿ ತುಂಬ ಅದಾರ."