ಕಚ್ಚುವ ಮೈಕು

ನಮ್ಮ ಹಾಡಿನ ಟೀಚರ ಹಿಮ್ಮಡಿಯ ಬಿರುಕುಗಳಲ್ಲಿ ಸಾಗರ ಸೀಮೆಯ ಕೆಮ್ಮಣ್ಣು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗದು. ಚಪ್ಪಲಿ ಮೆಟ್ಟಿದವರೇ ಅಲ್ಲ. ಪಾಠಕ್ಕೆ ಬರುವಾಗ ಒಂದು ಕೈಯಲ್ಲಿ ಶ್ರುತಿಪೆಟ್ಟಿಗೆ, ಇನ್ನೊಂದರಲ್ಲಿ ತರಕಾರಿ ಚೀಲ. ಸ್ವರ ತಪ್ಪಿದವರನ್ನು ಬೈಯುತ್ತಿರಲಿಲ್ಲ, ಬೀನ್ಸಿನ ನಾರು ತೆಗೆಯಲು ಕೂರಿಸುತ್ತಿದ್ದರು. "ಕೈಗೆ ಕೆಲಸ ಇರ್ಲಿ, ಕಿವಿ ಕೇಳ್ತಾ ಇರ್ಲಿ."

ಅರವತ್ತರ ದಶಕದಲ್ಲಿ ನಮ್ಮ ಸಭಾಭವನಕ್ಕೆ ಮೊದಲ ಸಲ ಮೈಕು ಬಂತು. ನವರಾತ್ರಿಯ ಕಾರ್ಯಕ್ರಮ. ಶಾರದೆಯ ಪಟದೆದುರು ರಂಗೋಲಿಗೆಂದು ಆಗಷ್ಟೇ ತೊಳೆದಿದ್ದ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಾಡಲು ಶುರುಮಾಡಿದೆ. ಮೈಕಿಗೆ ತುಟಿ ತಗುಲಿದ್ದೇ ಕಟ್ಟಿರುವೆ ಹರಿದ ಹಾಗೆ ಜುಮ್ಮೆಂದಿತು. ಹಾಡು ನಿಲ್ಲಿಸಿ ಹಿಂದೆ ಸರಿದೆ.

ಸಭೆಯ ಅಧ್ಯಕ್ಷರು ನಕ್ಕರು. "ಹುಡುಗಿ ಹೆದರ್ಕಂತು. ಮುಂದಿನೋರನ್ನ ಕರೀರಿ. ಇನ್ಮೇಲೆ ಇಂಥೋರನ್ನ ಸ್ಟೇಜ್ ಹತ್ತಿಸ್ಬೇಡಿ ಟೀಚರ್."

ಟೀಚರ್ ಎದ್ದು ಬಂದು ಬೆರಳ ಹಿಂಬದಿಯಿಂದ ಮೈಕನ್ನು ಮುಟ್ಟಿ ನೋಡಿದರು. "ಅವಳು ಹೆದರಿಲ್ಲ. ಇದು ಕಚ್ತದೆ."

ಮೈಕಿನವನು ಅದನ್ನು ಮುಷ್ಟಿಯಲ್ಲೇ ಹಿಡಿದು ತೋರಿಸಿದ. "ಎಂತದೂ ಇಲ್ಲ ಟೀಚರ್. ನಾ ದಿನಾ ಹಿಡೀತೀನಿ."

"ರಬ್ಬರ್ ಚಪ್ಪಲಿ ಹಾಕ್ಕಂಡು ಹಿಡೀತೀಯ ಮಾರಾಯ, ಅದೂ ಶಾರದೆ ಮುಂದೆ. ಬಿಚ್ಚಿ ಹಿಡಿ ನೋಡಣ."

ಬಿಚ್ಚಿ ಹಿಡಿದ. ತಕ್ಷಣ ಕೈ ಕೊಡವಿಕೊಂಡ. "ಸ್ವಲ್ಪ ಕರೆಂಟು ಬರ್ತದೆ... ಮೈಕಿನ ಪೆಟ್ಟಿಗೆಯಿಂದ ನೆಲಕ್ಕೆ ಅರ್ತ್ ತಂತಿ ಕೊಟ್ಟಿಲ್ಲ."

"ಸ್ವಲ್ಪ ತಾನೇ?" ಎಂದರು ಅಧ್ಯಕ್ಷರು. "ಚಪ್ಪಲಿ ಹಾಕ್ಕಂಡೇ ಹಾಡ್ಲಿ. ಸಭೆ ಕಾಯ್ತಾ ಇದೆ."

"ಶಾರದೆ ಮುಂದೆ ಚಪ್ಪಲಿ ಹಾಕಲ್ಲ. ಕಚ್ಚಿಸ್ಕಳೋದೂ ಇಲ್ಲ. ಹಾಡೋದು ಇವಳೇ. ನೀವು ತಂತಿ ಹಾಕ್ಸಿ, ನಾವು ಕಾಯ್ತೀವಿ."

ಹಾಗೆಂದವರೇ ವೇದಿಕೆಯ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡು, ಚೀಲದಿಂದ ಬೀನ್ಸ್ ಸುರಿದರು. ಊರಿನ ಗಣ್ಯರೆಲ್ಲ ನೋಡುತ್ತಿದ್ದಂತೆ ಇಬ್ಬರೂ ನಾರು ತೆಗೆದೆವು. ಹೊರಗೆ ಮೈಕಿನವನು ಹಾರೆಯೊಂದನ್ನು ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಹಾರೆಗೆ ತಂತಿ ಸುತ್ತಿ, ಬುಡಕ್ಕೆ ಒಂದು ಬಿಂದಿಗೆ ನೀರು ಹೊಯ್ದು ಒಳಗೆ ಬಂದ. ಟೀಚರ್ ಮತ್ತೆ ಬೆರಳ ಹಿಂಬದಿ ತಾಗಿಸಿದರು.

"ಹ್ಞೂಂ, ಈಗ ಹಾಡು. ಮೊದಲಿಂದ."

ಹಾಡಿದೆ. ಆಮೇಲೆ ನನ್ನನ್ನು ಯಾರೂ ವೇದಿಕೆಯಿಂದ ಇಳಿಸಲಿಲ್ಲ.

ಹೋದ ವರ್ಷ ಟೀಚರ್ ತೀರಿಕೊಂಡರು. ಅದೇ ಭವನದಲ್ಲಿ ಶ್ರದ್ಧಾಂಜಲಿ ಸಭೆ. ಪೇಟೆಯಿಂದ ತರಕಾರಿ ಚೀಲದ ಸಮೇತ ನೇರ ಹೋಗಿದ್ದೆ. ಒಂದು ಹಾಡು ಹೇಳಿ ಎಂದರು. ಬರಿಗಾಲಲ್ಲಿ ಹತ್ತಿ ಬೆರಳ ಹಿಂಬದಿಯಿಂದ ಮೈಕು ಮುಟ್ಟಿದೆ. ಜುಮ್ಮೆಂದಿತು.

"ಒಂದೇ ಹಾಡಲ್ವಾ ಅಮ್ಮ, ಸುಧಾರಿಸ್ಕಳಿ" ಎಂದ ಈಗಿನ ಮೈಕಿನವನು.

"ಅರ್ತ್ ಹಾಕು ಮಾರಾಯ, ಕಾಯ್ತೀನಿ" ಎಂದು ಟೀಚರ ಪಟದ ಪಕ್ಕ ಕೂತೆ. ಚೀಲದಲ್ಲಿ ಬೀನ್ಸ್ ಇತ್ತು.