ಲಕ್ಕವ್ವನ ಬಾಗಿಲು, ಗುರುಪಾದಯ್ಯನವರ ಮುಳ್ಳು

ತಿಕೋಟಾದ ಗುರುಪಾದಯ್ಯನವರು ಮೂವತ್ತು ವರ್ಷಗಳಿಂದ ಮನೆಗಳಿಗೆ ದಿಕ್ಕು ಹಿಡಿದುಕೊಡುವವರು. ಬಬಲೇಶ್ವರದವರೆಗೂ ಅವರನ್ನು ಕೇಳದೆ ಬಾಗಿಲ ಚೌಕಟ್ಟು ನಿಲ್ಲಿಸುವವರು ಕಡಿಮೆ. ಗುದ್ದಲಿಪೂಜೆಯ ದಿನ ಅರಿಷಿಣ ಹಚ್ಚಿದ ಹಾರೆ, ಗುದ್ದಲಿಗಳ ಮಗ್ಗುಲಲ್ಲೇ ದಿಕ್ಸೂಚಿಯನ್ನಿಟ್ಟು, ಅದಕ್ಕೂ ಕುಂಕುಮವೇರಿಸಿ, ಮುಳ್ಳು ನಿಂತೊಡನೆ ದಾರ ಎಳೆಸುವುದು ಅವರ ಪದ್ಧತಿ. ಮೂರು ವರ್ಷಗಳ ಹಿಂದೆ ಇಟ್ಟಂಗಿಹಾಳದ ಲಕ್ಕವ್ವ ಹೊಸ ಕೋಣೆಗೆಂದು ಕರೆಸಿದಾಗ, ಅವಳ ಹಳೆಯ ತಲೆಬಾಗಿಲು ನೇರ ಪೂರ್ವಕ್ಕಿಲ್ಲ, ಓರೆಯಾಗಿದೆ ಎಂದು ಗೋಡೆ ಒಡೆಸಿ, ಚೌಕಟ್ಟನ್ನೇ ತಿರುಗಿಸಿ ಕೂಡಿಸಿದ್ದರು.

ಕಳೆದ ತಿಂಗಳು ವಿಜಯಪುರದ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ನನ್ನೊಡನೆ ಬಂದರು. ಭೌತಶಾಸ್ತ್ರ ಕಲಿಸುವ ಸುಶೀಲೇಂದ್ರ ಗುರುಪಾದಯ್ಯನವರ ಕಣ್ಣಿಗೆ ವಿಆರ್ ಕನ್ನಡಕ ಕಟ್ಟಿದ. ಧ್ರುವಪ್ರಭೆಯ ಹಸಿರು ಪರದೆ ತಲೆಯ ಮೇಲೆ ಅಲೆಯಾಡಿದಾಗ ಕೈಮುಗಿದರು. ಆಮೇಲೆ ಭೂಮಿಯ ಕಾಂತರೇಖೆಗಳು ಕಂಡವು. ಅವು ತಮ್ಮ ಪಾದದ ಬಳಿಯೂ ಹಾಯುವುದನ್ನು ನೋಡಿ, ತಮ್ಮ ಮುಳ್ಳು ಓದುವುದು ಇದನ್ನೇ ಎಂದು ಹಿಗ್ಗಿದರು. ಸುಶೀಲೇಂದ್ರ ಅದೇ ದೃಶ್ಯದೊಳಗೆ ಒಂದು ಕಬ್ಬಿಣದ ಸಲಾಕೆಯನ್ನು ತಂದಿಟ್ಟ. ರೇಖೆಗಳು ಅದರತ್ತ ಬಾಗಿದವು. ಪಕ್ಕದ ಮುಳ್ಳು ಹೊರಳಿತು.

ಗುರುಪಾದಯ್ಯನವರು ಕನ್ನಡಕ ತೆಗೆದವರೇ ಕೇಳಿದರು:

“ಮುಳ್ಳಿನ ಬಾಜೂಕ ಹಾರಿ ಇಟ್ರೂ ಹಿಂಗ ಆಗ್ತದೇನ್ರಿ?”

ಸುಶೀಲೇಂದ್ರ ಹೌದೆಂದ. ಚಿತ್ರ ಚೆಂದವಿದ್ದ ಮಾತ್ರಕ್ಕೆ ನಿಜವಾಗಬೇಕಿಲ್ಲ, ಪರೀಕ್ಷೆ ಮಾಡದೆ ನಂಬಬೇಡಿ ಎಂದೆ ನಾನು. ನಾನು ಹಾಗೆಂದದ್ದು ಸಮಾಧಾನಕ್ಕೆ. ಅವರು ಮರುದಿನ ಬೆಳಿಗ್ಗೆ ನನ್ನನ್ನು ಇಟ್ಟಂಗಿಹಾಳಕ್ಕೇ ಕರೆದೊಯ್ದರು.

ಲಕ್ಕವ್ವನ ಅಂಗಳದಲ್ಲಿ ದಿಕ್ಸೂಚಿಯನ್ನಿಟ್ಟರು. ಅವಳಿಂದಲೇ ಹಾರೆ ಇಸಿದುಕೊಂಡು ಪಕ್ಕದಲ್ಲಿ ಮಲಗಿಸಿದರು. ಮುಳ್ಳು ಸರಿಯಿತು. ತೆಗೆದರು, ಮರಳಿತು. ಐದು ಸಲ ಮಾಡಿದರು. ಹಾರೆಯಿಲ್ಲದಾಗ ಮುಳ್ಳು ತೋರಿದ ಪ್ರಕಾರ, ಹಳೆಯ ಬಾಗಿಲಿದ್ದ ಗೋಡೆ ನೇರ ಪೂರ್ವಕ್ಕಿತ್ತು. ಓರೆಯಾಗಿದ್ದುದು ಅವರು ಕೂಡಿಸಿದ ಚೌಕಟ್ಟು.

“ತಪ್ಪು ನಂದs ಐತಿ, ಲಕ್ಕವ್ವ. ನಿನ್ನ ಹಳೀ ಬಾಗಲಾ ನೆಟ್ಟಗs ಇತ್ತು.”

“ಗೊತ್ತೈತಿ ತಗೋರಿ,” ಎಂದಳು ಲಕ್ಕವ್ವ. “ಯುಗಾದಿ ಹೊತ್ತಿನ ಮುಂಜಾನಿ ಬಿಸಲು ಹೊಸ್ತಿಲ ದಾಟಿ ನೆಟ್ಟಗ ಒಲಿಮಟಾ ಬರ್ತಿತ್ತು. ಈಗ ಗ್ವಾಡಿಗೆ ಬಡೀತೈತಿ.”

ಗುರುಪಾದಯ್ಯನವರು ಹಾರೆಯ ಪಕ್ಕದಲ್ಲೇ ಕುಳಿತರು. ಅಂದೇ ಏಕೆ ಹೇಳಲಿಲ್ಲವೆಂದು ಕೇಳಿದರು.

“ಹೇಳಿದ್ನೆಲ್ಲರಿ ಅಯ್ಯಾರ. ನೀವು ಮುಳ್ಳು ತೋರಿಸಿ ಸುಮ್ಮನ ಕುಂಡ್ರು ಅಂದ್ರಿ.”

ಚಹಾ ತರಲು ಎದ್ದವಳು ಒಳಗೆ ಹೋಗದೆ ಅಲ್ಲೇ ನಿಂತಳು.

“ಮಮದಾಪುರದಾಗ ನನ್ನ ಮಗಳ ಮನಿಗೂ ನೀವs ಬಂದಿದ್ರೆಲ್ಲರಿ?”

ಗುರುಪಾದಯ್ಯನವರು ದಿಕ್ಸೂಚಿಯನ್ನು ಎತ್ತಿಕೊಂಡರು. ಮಮದಾಪುರದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನನ್ನನ್ನು ಕೇಳಿದರು.